ಮರದ ಮೇಲೆ ಬೆಳೆಯುವುದೆಲ್ಲ ಬಂದಳಿಕೆಯಲ್ಲ: ಎಕ್ಮಿಯಾ ಗಿಡದೊಂದಿಗೆ ಒಂದು ಪಾಠ

ಸಸ್ಯಗಳಲ್ಲಿ ಪೋಷಣೆ ಎಂಬ ಘಟಕ ಬೋಧಿಸುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಉತ್ತರ ತಪ್ಪದೆ ಎದುರಾಗುತ್ತದೆ: ಮರದ ಮೇಲೆ ಬೆಳೆದ ಗಿಡವೆಂದರೆ ಮರದ ಸಾರ ಹೀರುವ ಗಿಡ. ಮಾವಿನ ಮರದ ಬಂದಳಿಕೆ ನೋಡಿ ಬೆಳೆದ ಮಕ್ಕಳು ಹಾಗೆನ್ನುವುದು ಸಹಜ. ಬಂದಳಿಕೆಯ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಹಸಿರೆಲೆಯಲ್ಲಿ ಆಹಾರ ತಾನೇ ತಯಾರಿಸಿಕೊಂಡರೂ ನೀರು, ಖನಿಜಗಳನ್ನು ಅದು ಮರದಿಂದಲೇ ಕಸಿಯುತ್ತದೆ. ಆದ್ದರಿಂದ ಈ ಪೂರ್ವಜ್ಞಾನವನ್ನು ಅಳಿಸದೆ, ಪಕ್ಕದಲ್ಲಿ ಇನ್ನೊಂದು ಗಿಡವನ್ನು ತಂದಿಡುವುದೇ ಒಳ್ಳೆಯದೆನಿಸಿತು. ಏಳನೆಯ ತರಗತಿಯ ನನ್ನ ಬೋಧನಾಭ್ಯಾಸಕ್ಕೆ ಎಕ್ಮಿಯಾ ಫ್ಯಾಸಿಯಾಟ ಪಾಠೋಪಕರಣವಾದದ್ದು ಹೀಗೆ.

ಇದು ಬ್ರೆಜಿಲ್ಲಿನ ರಿಯೊ ಡಿ ಜನೈರೊ ಸುತ್ತಲಿನ ಮಳೆಕಾಡಿನ ಗಿಡ. ಅನಾನಸಿನ ಕುಟುಂಬಕ್ಕೆ, ಅಂದರೆ ಬ್ರೊಮೆಲಿಯೇಸಿಗೆ ಸೇರಿದ್ದು. ಈ ಕುಟುಂಬದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕದ ಒಂದೇ ಒಂದನ್ನು ಬಿಟ್ಟರೆ ಎಲ್ಲವೂ ಅಮೆರಿಕ ಖಂಡಗಳವು. ಕಾಡಿನಲ್ಲಿ ಎಕ್ಮಿಯಾ ಕೊಂಬೆಯನ್ನು ಬೇರಿನಿಂದ ಹಿಡಿದುಕೊಳ್ಳುತ್ತದೆ, ಅಷ್ಟೇ. ಬೇರು ತೊಗಟೆಯೊಳಗೆ ಇಳಿಯುವುದಿಲ್ಲ. ಎಲೆಗಳ ಬುಡ ಒಂದಕ್ಕೊಂದು ಒತ್ತಿ ನಡುವೆ ಬಟ್ಟಲಾಗುತ್ತದೆ. ಅದರಲ್ಲಿ ಮಳೆನೀರು ನಿಲ್ಲುತ್ತದೆ, ತರಗೆಲೆ ಬಿದ್ದು ಕೊಳೆಯುತ್ತದೆ. ಎಲೆಯ ಮೇಲಿನ ಸೂಕ್ಷ್ಮ ಹುರುಪೆಗಳು ಆ ನೀರನ್ನೂ ಕರಗಿದ ಲವಣಗಳನ್ನೂ ಹೀರುತ್ತವೆ. ಎಲೆಯ ಬೆಳ್ಳಿ ಪಟ್ಟೆಗಳೂ ಆ ಹುರುಪೆಗಳೇ. ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಅಂಟಿ ಅಡಿಯ ಹಸಿರು ಕಾಣುತ್ತದೆ. ಒಂದೇ ಎಲೆಯ ತುದಿಯಲ್ಲಿ ಮಾತ್ರ ಹೀಗೆ ಮಾಡಿ ತೋರಿಸಿ, ಉಜ್ಜಿದ ಜಾಗ ಮತ್ತೆ ಬೆಳ್ಳಗಾಗದು.

ಗುಲಾಬಿ ಬಣ್ಣದ ಮುಳ್ಳಂಚಿನ ತೆನೆಯನ್ನು ಮಕ್ಕಳು ಹೂವೆಂದೇ ತಿಳಿದರು. ಅವು ಸಹಪತ್ರಗಳು, ಕಾಗದದ ಹೂವಿನ ಬಣ್ಣದ ಎಲೆಗಳಂತೆಯೇ. ನಿಜವಾದ ಹೂವು ಅವುಗಳ ನಡುವೆ ಇಣುಕುವ ಚಿಕ್ಕ ನೀಲಿ ಹೂವು, ಬಾಡುತ್ತ ಕೆಂಪಾಗುತ್ತದೆ. ಹೂವು ಬೇಗ ಉದುರಿದರೂ ಸಹಪತ್ರದ ಬಣ್ಣ ತಿಂಗಳುಗಟ್ಟಲೆ ಇರುತ್ತದೆ. ನರ್ಸರಿಗಳಿಗೆ ಇದು ಪ್ರಿಯವಾಗಲು ಅದೇ ಕಾರಣ.

ಬಟ್ಟಲಿನ ನೀರನ್ನು ಬಿಳಿ ತಟ್ಟೆಗೆ ಬಗ್ಗಿಸಿ ಭೂತಗನ್ನಡಿ ಕೊಟ್ಟೆ. ಎರಡು ಹುಳು ಬಳುಕುತ್ತಿದ್ದವು. "ಟೀಚರ್, ಇವು ಸೊಳ್ಳೆ ಮರಿ. ನಮ್ಮಣ್ಣ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದಾನೆ" ಎಂದಳು ಒಬ್ಬ ಹುಡುಗಿ. ತರಗತಿ ಗಪ್ಪಾಯಿತು. ಪಾಠ ಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಆದರೆ ಆ ಮಾತನ್ನು ದಾಟಿ ಮುಂದೆ ಹೋಗುವುದು ನನಗೆ ಸರಿಕಾಣಲಿಲ್ಲ. ಉಳಿದ ಅವಧಿ ಅದಕ್ಕೇ ಹೋಯಿತು.

ಆಕೆಯ ಭಯ ನ್ಯಾಯವಾದದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರು ಸಾಕು. ದಕ್ಷಿಣ ಬ್ರೆಜಿಲ್ಲಿನಲ್ಲಿ ಇದೇ ಕುಟುಂಬದ ಗಿಡಗಳ ಬಟ್ಟಲಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆಗಳು ಮಲೇರಿಯ ಹರಡಿದ್ದರಿಂದ, ಕಳೆದ ಶತಮಾನದ ನಡುವಿನಲ್ಲಿ ಊರ ಸುತ್ತಲ ಮರಗಳಿಂದ ಅವನ್ನು ಕಿತ್ತುಹಾಕಿದ್ದುಂಟು. ಆದರೆ ಕಾಡಿನ ಬಟ್ಟಲಲ್ಲಿ ಸೊಳ್ಳೆಮರಿಯೊಂದೇ ಇರುವುದಿಲ್ಲ. ಕಪ್ಪೆ ಮರಿ, ಸೊಳ್ಳೆಮರಿ ತಿನ್ನುವ ಕೀಟಗಳೂ ಇರುತ್ತವೆ. ಕೋಸ್ಟರಿಕದ ಕ್ಲೊಡೊಮಿರೊ ಪಿಕಾಡೊ ಈ ಜೀವಿಗಳನ್ನೇ ಅಭ್ಯಸಿಸಿ 1913ರಲ್ಲಿ ಪ್ರಬಂಧ ಬರೆದರು. ನಮ್ಮ ಕುಂಡದಲ್ಲಿ ಆ ತಿನ್ನುವವರಿಲ್ಲ, ಆ ಕೆಲಸ ನಾವೇ ಮಾಡಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಹಿಡಿಯುವುದರಿಂದ ವಾರಕ್ಕೆರಡು ಸಲ ನೀರನ್ನು ಒಣನೆಲಕ್ಕೆ ಪೂರ್ತಿ ಬಗ್ಗಿಸಿ, ಬಟ್ಟಲು ತೊಳೆದು, ಹೊಸ ನೀರು ಹಾಕಬೇಕು. ದಿನಗಳ ಲೆಕ್ಕ ಮಕ್ಕಳೇ ಹಾಕಿದರು. ಸೋಮವಾರ, ಗುರುವಾರ ಎಂದು ಹಲಗೆಯ ಮೇಲೆ ಬರೆದವಳು ಅದೇ ಹುಡುಗಿ. ಶಾಲೆಗೆ ದೀರ್ಘ ರಜೆ ಇದ್ದಾಗ ಗಿಡವನ್ನು ಅಲ್ಲಿ ಬಿಡಬಾರದು.

ಈ ಗಿಡ ಕೊಳ್ಳುವವರು ಗಮನಿಸಿ: ಒಂದು ಬುಡ ಒಮ್ಮೆ ಮಾತ್ರ ಹೂ ಬಿಟ್ಟು ನಿಧಾನವಾಗಿ ಸಾಯುತ್ತದೆ, ಬಾಳೆಯಂತೆ. ಪಕ್ಕದ ಕಂದುಗಳು ತಾಯಿಗಿಡದ ಮೂರನೇ ಒಂದರಷ್ಟು ಬೆಳೆದ ಮೇಲೆ ಬಿಡಿಸಿ ನೆಡಬಹುದು. ನನ್ನ ಗಿಡದಲ್ಲಿ ಈಗ ಎರಡು ಕಂದುಗಳಿವೆ. ಮುಂದಿನ ತಂಡದವರು ಕೇಳಿದರೆ ಕೊಡುತ್ತೇನೆ.