ಕ್ಯಾಲ್ಕ್ 2: ಮೊದಲ ಆರು ವಾರವನ್ನು ನಂಬಬೇಡಿ

ಪ್ರತಿ ಸೆಮಿಸ್ಟರ್ ಶುರುವಾಗುವಾಗ ಊರಿಂದ ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು. "ಕ್ಯಾಲ್ಕ್ 2 ಕಷ್ಟ ಅಂತಾರಲ್ಲ, ನಿಜವಾ? ಇಂಟಿಗ್ರೇಷನ್ ನಾವು ಸೆಕೆಂಡ್ ಪಿಯುಸಿಯಲ್ಲೇ ಅರೆದು ಕುಡಿದಿದ್ದೀವಲ್ಲ?" ಕುಡಿದಿರೋದು ನಿಜ. ನಾನೂ ಕುಡಿದೇ ಬಂದಿದ್ದೆ. ಮೊದಲ ಮಿಡ್‌ಟರ್ಮ್‌ನಲ್ಲಿ ನನಗೆ 93 ಬಂತು, ಎರಡನೆಯದರಲ್ಲಿ 54. ಈ ಎರಡು ಅಂಕಿಗಳ ನಡುವೆ ಏನಾಯ್ತು ಅನ್ನೋದನ್ನ ಹೇಳೋಕೆ ಈ ಲೇಖನ.

ಅಮೆರಿಕದ ಯೂನಿವರ್ಸಿಟಿಗಳಲ್ಲಿ ಎರಡನೇ ಸೆಮಿಸ್ಟರಿನ ಕ್ಯಾಲ್ಕುಲಸ್ ಅಂದರೆ ಸಾಮಾನ್ಯವಾಗಿ 4 ಕ್ರೆಡಿಟ್‌ನ ಕೋರ್ಸ್. ಮೊದಲ ಭಾಗ ಅನುಕಲನದ ವಿಧಾನಗಳು: ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ಸ್, ಟ್ರಿಗ್ ಸಬ್‌ಸ್ಟಿಟ್ಯೂಷನ್. ಇಲ್ಲಿ ನಾವು ರಾಜರು. ಐಲೇಟ್ ಸೂತ್ರ ನೆನಪಿರುತ್ತೆ, ಕೈ ತಾನಾಗಿ ಓಡುತ್ತೆ. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ತೊಂದರೆ ಏನಿಲ್ಲ. ನಾವು 'ಕೊಸೆಕ್' ಅಂದದ್ದನ್ನ ಇಲ್ಲಿ ಮೂರೇ ಅಕ್ಷರದಲ್ಲಿ ಬರೀತಾರೆ. ನಮ್ಮ ಪುಸ್ತಕದಲ್ಲಿ ಬರೀ 'ಲಾಗ್' ಅಂತಿದ್ದದ್ದು ಇಲ್ಲಿ 'ನ್ಯಾಚುರಲ್ ಲಾಗ್', ಅದಕ್ಕೆ ಬೇರೆ ಚಿಹ್ನೆ. ಬರೀ 'ಲಾಗ್' ಅಂತ ಬರೆದರೆ ಕೆಲವು ಗ್ರೇಡರ್‌ಗಳು ಬೇಸ್ 10 ಅಂದುಕೊಂಡು ಅಂಕ ಕಳೀತಾರೆ. ಬೇರು ಚಿಹ್ನೆಯೊಳಗೆ 'ಎ ಸ್ಕ್ವೇರ್ ಮೈನಸ್ ಎಕ್ಸ್ ಸ್ಕ್ವೇರ್' ಇದ್ದರೆ ನಾವು ಬಾಯಿಪಾಠದ ಸೂತ್ರ ಹಾಕಿ ಮುಗಿಸ್ತಿದ್ವಿ. ಇಲ್ಲಿ ತ್ರಿಕೋನ ಬರೆದು ಸಬ್‌ಸ್ಟಿಟ್ಯೂಷನ್ ತೋರಿಸಬೇಕು.

ಆಮೇಲೆ ನಿಧಾನಕ್ಕೆ ಹೊಸ ಜಾಗಕ್ಕೆ ಕಾಲಿಡ್ತೀವಿ. ಪಿಯುಸಿಯಲ್ಲಿ ವಕ್ರರೇಖೆಯ ಕೆಳಗಿನ ವಿಸ್ತೀರ್ಣದವರೆಗೆ ಬಂದು ನಿಂತಿದ್ವಿ. ಇಲ್ಲಿ ರೇಖೆಯನ್ನ ತಿರುಗಿಸಿ ಘನಫಲ, ರೇಖೆಯ ಉದ್ದ, ಕೊನೆಗೆ ಇಂಪ್ರಾಪರ್ ಇಂಟಿಗ್ರಲ್. ಈ ಕೊನೆಯದನ್ನ ಮಾತ್ರ ಹಗುರಾಗಿ ತಗೋಬೇಡಿ. 1ರಿಂದ ಅನಂತದವರೆಗೆ 'ಒಂದು ಬೈ ಎಕ್ಸ್ ಸ್ಕ್ವೇರ್' ಕೆಳಗಿನ ವಿಸ್ತೀರ್ಣ ಸರಿಯಾಗಿ 1. ಅದೇ 'ಒಂದು ಬೈ ಎಕ್ಸ್' ಕೆಳಗಿನ ವಿಸ್ತೀರ್ಣ ಅನಂತ. ಎರಡೂ ರೇಖೆಗಳು ಸೊನ್ನೆ ಕಡೆಗೇ ಇಳೀತವೆ, ನೋಡೋಕೂ ಹೆಚ್ಚು ಕಡಿಮೆ ಒಂದೇ ಥರ. ಆದರೆ ಒಂದು ಸಾಕಷ್ಟು ಬೇಗ ಇಳಿಯುತ್ತೆ, ಇನ್ನೊಂದು ಇಳಿಯಲ್ಲ. ಮುಂದೆ ಬರೋದೆಲ್ಲ ಈ 'ಸಾಕಷ್ಟು ಬೇಗ'ದ ಕತೆಯೇ. ನಾನು ಇದನ್ನ ಇನ್ನೊಂದು ಲೆಕ್ಕ ಅಂತ ಮಾಡಿ ಪುಟ ತಿರುಗಿಸಿಬಿಟ್ಟೆ.

ಏಳನೇ ವಾರದ ಸುಮಾರಿಗೆ ಸೀರೀಸ್ ಬರುತ್ತೆ. ಅಂದರೆ ಮುಗಿಯದ ಕೂಡಿಕೆ. ಪಿಯುಸಿಯಲ್ಲಿ ನಾವು ನೋಡಿದ್ದು ಸಮಾಂತರ ಮತ್ತು ಗುಣೋತ್ತರ ಶ್ರೇಢಿ, ಅಲ್ಲಿ ಕೇಳ್ತಿದ್ದದ್ದು 'ಮೊತ್ತ ಎಷ್ಟು?' ಅಂತ. ಇಲ್ಲಿ ಹೆಚ್ಚಿನ ಸಲ ಮೊತ್ತ ಎಷ್ಟು ಅಂತ ಕೇಳೋದೇ ಇಲ್ಲ. ಮೊತ್ತ ಅನ್ನೋದು ಒಂದು ಇದೆಯಾ, ಇದ್ದರೆ ಯಾಕೆ, ಇಲ್ಲದಿದ್ದರೆ ಯಾಕೆ, ಇಷ್ಟೇ ಪ್ರಶ್ನೆ. ಸೂತ್ರ ಹುಡುಕೋ ಕೈಗೆ ಇಲ್ಲಿ ಕೆಲಸವೇ ಇಲ್ಲ.

ಮೊದಲ ಗುಂಡಿ ಹಾರ್ಮೋನಿಕ್ ಸೀರೀಸ್: 1 + 1/2 + 1/3 + 1/4 ಹೀಗೆ. ಪದಗಳು ಸಣ್ಣದಾಗ್ತಾ ಸೊನ್ನೆಗೆ ಹೋಗ್ತವೆ, ಹಾಗಾದರೆ ಮೊತ್ತ ಎಲ್ಲೋ ನಿಲ್ಲಬೇಕು ಅನ್ಸುತ್ತೆ ಅಲ್ವಾ? ಮೊತ್ತ 5 ದಾಟೋಕೆ 83 ಪದ ಬೇಕು. 10 ದಾಟೋಕೆ 12,367. 20 ದಾಟೋಕೆ 27 ಕೋಟಿಗೂ ಹೆಚ್ಚು. ಕಂಪ್ಯೂಟರಿನಲ್ಲಿ ಕೂಡಿಸ್ತಾ ಕೂತರೆ ನಿಂತೇ ಹೋಯ್ತು ಅನ್ನಿಸುತ್ತೆ. ಆದರೆ ನಿಲ್ಲಲ್ಲ. 14ನೇ ಶತಮಾನದ ಫ್ರಾನ್ಸಿನ ನಿಕೋಲ್ ಒರೆಮ್ ಕೊಟ್ಟ ಕಾರಣ ಎರಡೇ ಸಾಲಿನದು. 1/3 + 1/4 ಅನ್ನೋದು 1/4 + 1/4ಕ್ಕಿಂತ ಜಾಸ್ತಿ, ಅಂದರೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ನಾಲ್ಕು ಪದಗಳು, 1/5ರಿಂದ 1/8ರವರೆಗೆ, ಒಂದೊಂದೂ 1/8ಕ್ಕಿಂತ ಕಡಿಮೆ ಇಲ್ಲ, ಹಾಗಾಗಿ ಸೇರಿಸಿದರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಅದರ ಮುಂದಿನ ಎಂಟೂ ಹಾಗೇ. ಅರ್ಧಗಳು ಮುಗಿಯೋದೇ ಇಲ್ಲ, ಮೊತ್ತ ಎಲ್ಲಿ ನಿಲ್ಲಬೇಕು?

ಪದಗಳು ಸೊನ್ನೆಗೆ ಹೋಗದಿದ್ದರೆ ಸೀರೀಸ್ ಖಂಡಿತ ಡೈವರ್ಜ್ ಆಗುತ್ತೆ. ಇದು ಸರಿ. ಇದನ್ನ ತಿರುಗಿಸಿ, ಸೊನ್ನೆಗೆ ಹೋದರೆ ಕನ್ವರ್ಜ್ ಆಗುತ್ತೆ ಅಂದರೆ ತಪ್ಪು. ಮಳೆ ಬಂದರೆ ರಸ್ತೆ ಒದ್ದೆ ಆಗುತ್ತೆ, ಆದರೆ ರಸ್ತೆ ಒದ್ದೆ ಇದೆ ಅಂದಮಾತ್ರಕ್ಕೆ ಮಳೆ ಬಂತು ಅಂತಲ್ಲ, ನೀರಿನ ಟ್ಯಾಂಕರ್ ಹೋಗಿರಬಹುದು. ಹೀಗೆ ಹೇಳಿದರೆ ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಹತ್ತು ನಿಮಿಷ ಉಳಿದಿದೆ ಅಂದಾಗ ಮಾತ್ರ ಯಾರಿಗೂ ಗೊತ್ತಿರಲ್ಲ.

ಎರಡನೇ ಗುಂಡಿ ಹೋಲಿಕೆಯದು. 1/6 + 1/7 + 1/8 ಹೀಗೆ ಸಾಗೋ ಸೀರೀಸ್ ಕೊಡ್ತಾರೆ, 'ಒಂದು ಬೈ ಎನ್ ಪ್ಲಸ್ 5' ಅಂತ ಬರೆದು. ನಾನು ಏನು ಬರೆದೆ ಗೊತ್ತಾ? 'ಇದರ ಪದಗಳು ಹಾರ್ಮೋನಿಕ್ ಪದಗಳಿಗಿಂತ ಚಿಕ್ಕವು, ಹಾರ್ಮೋನಿಕ್ ಡೈವರ್ಜ್ ಆಗುತ್ತೆ, ಆದ್ದರಿಂದ ಇದೂ ಡೈವರ್ಜ್.' ಉತ್ತರ ಸರಿ, ಅಂಕ 10ಕ್ಕೆ 2. ಕೋಟ್ಯಧಿಪತಿಗಿಂತ ಕಡಿಮೆ ದುಡ್ಡಿದೆ ಅಂದರೆ ಅವನ ಹತ್ತಿರ ಎಷ್ಟಿದೆ ಅಂತ ಏನು ಗೊತ್ತಾಗುತ್ತೆ? ಸಾವಿರವೂ ಇರಬಹುದು, ತೊಂಬತ್ತು ಲಕ್ಷವೂ ಇರಬಹುದು. ಅನಂತಕ್ಕಿಂತ ಕಡಿಮೆ ಅನ್ನೋದು ಸುದ್ದಿಯೇ ಅಲ್ಲ. ಇಲ್ಲಿ ಲಿಮಿಟ್ ಕಂಪ್ಯಾರಿಸನ್ ಬೇಕು: ಎರಡೂ ಪದಗಳ ಅನುಪಾತ 1ಕ್ಕೆ ಹೋಗುತ್ತೆ, ಆದ್ದರಿಂದ ಇಬ್ಬರ ಹಣೆಬರಹವೂ ಒಂದೇ. ಅಥವಾ, ಇದು ಮೊದಲ ಐದು ಪದ ಕಿತ್ತುಹಾಕಿದ ಹಾರ್ಮೋನಿಕ್ ಅಂತ ಒಂದು ಸಾಲು ಬರೆದರೂ ಸಾಕಿತ್ತು.

ಟಿಎ ಹತ್ತಿರ ಜಗಳಕ್ಕೇ ಹೋದೆ, ಉತ್ತರ ಸರಿ ಇದೆಯಲ್ಲ ಅಂತ. ಅವರು ಸಮಾಧಾನವಾಗಿ, "ಎರಡೇ ಉತ್ತರ ಸಾಧ್ಯ, ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿ ಬರುತ್ತೆ. ಅಂಕ ಇರೋದು ಕಾರಣಕ್ಕೆ" ಅಂದರು. ಆವತ್ತು ನನಗೆ ಸಿಇಟಿ ನೆನಪಾಯ್ತು. ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯಲ್ಲ. ಎರಡು ವರ್ಷ ನಾವು ಪಳಗಿದ್ದು ಆ ಓಟಕ್ಕೆ. ಅದು ಕೆಟ್ಟದ್ದು ಅಂತ ಹೇಳ್ತಿಲ್ಲ, ಮೊದಲ ಮಿಡ್‌ಟರ್ಮ್‌ನ 93 ಬಂದದ್ದೇ ಅದರಿಂದ. ಆದರೆ ಇಲ್ಲಿ ಯಾವ ಟೆಸ್ಟ್ ಬಳಸ್ತಿದ್ದೀನಿ, ಅದರ ಷರತ್ತುಗಳು ಇಲ್ಲಿ ಹೇಗೆ ಸರಿಹೊಂದುತ್ತವೆ, ಆದ್ದರಿಂದ ಏನು, ಅಂತ ವಾಕ್ಯದಲ್ಲಿ ಬರೀಬೇಕು. ಪೂರ್ತಿ ವಾಕ್ಯದಲ್ಲಿ.

ಈ ಮಾತಿಗೆ ನಮ್ಮ ಪಕ್ಕದ ಊರಿನದೇ ಒಂದು ಸಾಕ್ಷಿ ಇದೆ. ಪುಸ್ತಕದಲ್ಲಿ ಲೈಬ್ನಿಟ್ಸ್ ಹೆಸರಲ್ಲಿ ಬರೋ 1 − 1/3 + 1/5 − 1/7 ಸೀರೀಸ್, ಅಂದರೆ ಪೈನ ಕಾಲು ಭಾಗ, ಕೇರಳದಲ್ಲಿ ಸಂಗಮಗ್ರಾಮದ ಮಾಧವನ ಪರಂಪರೆಗೆ ಲೈಬ್ನಿಟ್ಸ್‌ಗಿಂತ ಮೊದಲೇ ಗೊತ್ತಿತ್ತು. ಅದನ್ನ ಜ್ಯೇಷ್ಠದೇವ 16ನೇ ಶತಮಾನದಲ್ಲಿ 'ಯುಕ್ತಿಭಾಷಾ'ದಲ್ಲಿ ಕಾರಣ ಸಮೇತ ವಿವರಿಸಿದ, ಅದೂ ಮಲಯಾಳಂನಲ್ಲಿ. ಯುಕ್ತಿ ಅಂದರೆ ಇಲ್ಲಿ ತರ್ಕ, ಕಾರಣ. ಬರೀ ಫಲಿತಾಂಶ ಕೊಟ್ಟು ಬಿಡಲಿಲ್ಲ. ಅಂದಹಾಗೆ ಈ ಸೀರೀಸ್ ತುಂಬ ಸೋಮಾರಿ, ಸಾವಿರ ಪದ ಕೂಡಿಸಿ ನಾಲ್ಕರಿಂದ ಗುಣಿಸಿದರೂ ಸಿಗೋದು 3.1406.

ಎರಡನೇ ಮಿಡ್‌ಟರ್ಮ್ ಫಲಿತಾಂಶ ಬರೋ ಹೊತ್ತಿಗೆ ಕೋರ್ಸ್ ಬಿಡೋ ಕೊನೆ ದಿನವೂ ಹತ್ತಿರ ಇರುತ್ತೆ. ನಾನು ರಾತ್ರಿ ಒಂದು ಗಂಟೆಗೆ ಪೋರ್ಟಲ್ ತೆರೆದು 'ಡ್ರಾಪ್' ಬಟನ್ ಮೇಲೆ ಕರ್ಸರ್ ಇಟ್ಟು ಕೂತಿದ್ದೆ. ದಯವಿಟ್ಟು ಇದನ್ನ ಗಮನ ಇಟ್ಟು ಓದಿ. ಎಫ್-1 ವೀಸಾದ ಅಂಡರ್‌ಗ್ರಾಡ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು. ನನಗಿದ್ದದ್ದು 14. ನಾಲ್ಕು ಕಳೆದರೆ 10. ಅನುಮತಿ ಇಲ್ಲದೆ ಹಾಗೆ ಇಳಿದರೆ ಸಮಸ್ಯೆ ಗ್ರೇಡಿನದಲ್ಲ, ಸ್ಟೇಟಸ್‌ನದು. ತಪ್ಪು ಹಂತದ ಕೋರ್ಸಿಗೆ ಸೇರಿದ್ದು, ಇಲ್ಲಿನ ಪಾಠದ ಕ್ರಮ ಹೊಸದು, ಇಂಥ ಕೆಲವು ಕಾರಣಗಳಿಗೆ ಇಂಟರ್‌ನ್ಯಾಷನಲ್ ಆಫೀಸಿನವರು ಕಡಿಮೆ ಕ್ರೆಡಿಟ್‌ಗೆ ಒಪ್ಪಿಗೆ ಕೊಡಬಹುದು, ಆದರೆ ಅದು ಬಿಡೋ ಮೊದಲೇ ಸಿಗಬೇಕು. ಬಿಟ್ಟ ಮೇಲೆ ಕೇಳೋದಲ್ಲ. ಮೊದಲು ಅವರಿಗೆ ಮೇಲ್ ಹಾಕಿ, ಆಮೇಲೆ ಬಟನ್.

ನಾನು ಬಿಡಲಿಲ್ಲ. ಧೈರ್ಯದಿಂದ ಅಲ್ಲ, ಮೇಲಿನ ಲೆಕ್ಕದಿಂದ. ಇಲ್ಲೇ ಬೆಳೆದ, ಹೈಸ್ಕೂಲಲ್ಲಿ ಎಪಿ ಬಿಸಿ ಮಾಡಿದ್ದ ಒಬ್ಬ ಹುಡುಗಿ ನಮ್ಮ ಸೆಕ್ಷನ್‌ನಲ್ಲಿದ್ದಳು. ಬಿಸಿಯಲ್ಲಿ ಸೀರೀಸ್ ಇರುತ್ತೆ, ಎಬಿಯಲ್ಲಿ ಇರಲ್ಲ. ಅವಳಿಗೆ ಸೀರೀಸ್ ಸಲೀಸು, ಟ್ರಿಗ್ ಸಬ್‌ಸ್ಟಿಟ್ಯೂಷನ್ ಅಂದರೆ ನಡುಕ. ನನ್ನದು ಉಲ್ಟಾ. ಭಾನುವಾರ ಎರಡೆರಡು ಗಂಟೆ ಕೂತ್ವಿ. ಅಂಥ ಒಬ್ಬರನ್ನ ಮೊದಲ ವಾರದಲ್ಲೇ ಹುಡುಕಿಕೊಳ್ಳಿ, ಹತ್ತನೇ ವಾರದಲ್ಲಲ್ಲ.

ಕೊನೆಯ ಮೂರು ವಾರ ಟೇಲರ್ ಸೀರೀಸ್, ಇಡೀ ಕೋರ್ಸಿನಲ್ಲಿ ನನಗೆ ಇಷ್ಟವಾದದ್ದು ಇದೇ. ಪಿಯುಸಿ ಫಿಸಿಕ್ಸ್‌ನಲ್ಲಿ ಲೋಲಕದ ಪಾಠಕ್ಕೆ ಬಂದಾಗ ಲೆಕ್ಚರರ್ "ಚಿಕ್ಕ ಕೋನಕ್ಕೆ ಸೈನ್ ಥೀಟಾ ಅಂದರೆ ಥೀಟಾನೇ" ಅಂದುಬಿಟ್ಟಿದ್ದರು. ಎಷ್ಟು ಚಿಕ್ಕ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಉತ್ತರ ಇಲ್ಲಿದೆ. ಸೈನ್ ಥೀಟಾ ಅಂದರೆ ಥೀಟಾ, ಅದರಲ್ಲಿ ಥೀಟಾ ಘನದ ಆರನೇ ಒಂದು ಕಳೆ, ಐದನೇ ಘಾತದ 120ನೇ ಒಂದು ಕೂಡಿಸು, ಹೀಗೆ. ಕೋನ 0.2 ರೇಡಿಯನ್, ಅಂದರೆ ಸುಮಾರು ಹನ್ನೊಂದೂವರೆ ಡಿಗ್ರಿ ಇದ್ದರೆ, ಲೆಕ್ಚರರ್ ಮಾಡಿದ ತಪ್ಪು 0.00133ರ ಆಸುಪಾಸು. ಎರಡನೇ ಪದವನ್ನೂ ಸೇರಿಸಿದರೆ 0.198667, ನಿಜವಾದ ಬೆಲೆ 0.198669. ಚಿಹ್ನೆ ಅದಲುಬದಲಾಗ್ತಾ ಪದಗಳು ಒಂದೇ ಸಮನೆ ಇಳಿದು ಸೊನ್ನೆಗೆ ಹೋಗೋ ಸೀರೀಸ್‌ನಲ್ಲಿ, ನಿಲ್ಲಿಸಿದ ಜಾಗದ ಮುಂದಿನ ಪದಕ್ಕಿಂತ ತಪ್ಪು ದೊಡ್ಡದಾಗಲ್ಲ. ಕ್ಯಾಲ್ಕುಲೇಟರ್ ಮುಟ್ಟದೆ ತಪ್ಪಿಗೆ ಮಿತಿ ಹಾಕಬಹುದು.

ನಮ್ಮ ಫೈನಲ್‌ನಲ್ಲಿ ಈ ಥರದ ಎರರ್ ಪ್ರಶ್ನೆ ಎರಡು ಬಂದಿದ್ದವು, ಎರಡಕ್ಕೂ ಪೂರ್ತಿ ಅಂಕ ಸಿಕ್ಕಿತು. ಕೋರ್ಸಿಗೆ ಬಿ ಪ್ಲಸ್. ಎರಡನೇ ಮಿಡ್‌ಟರ್ಮ್‌ನ ಆ 54ರ ಪೇಪರ್, ಕೆಂಪು ಗುರುತುಗಳ ಸಮೇತ, ಇನ್ನೂ ನನ್ನ ಹತ್ತಿರ ಇದೆ. ಕ್ಯಾಲ್ಕ್ 2 ತಗೊಳ್ತಿರೋರು ಯಾರಾದರೂ ಕೇಳಿದರೆ ನೋಡೋಕೆ ಕೊಡ್ತೀನಿ.