ವ್ಯಸನಪೀಡಿತ ಗರ್ಭಿಣಿ ಮತ್ತು ನಮ್ಮ ನಾಲಿಗೆ

ಸಾಲದ ಕಂತು ತಪ್ಪಿಸಿದವನನ್ನು ಬ್ಯಾಂಕಿನ ಕೌಂಟರಿನಲ್ಲಿ ನಾಲ್ವರೆದುರು ಗದರಿಸಿದರೆ ಏನಾಗುವುದೆಂಬುದನ್ನು ಇಪ್ಪತ್ತು ವರ್ಷಗಳಿಂದ ಕಂಡಿದ್ದೇನೆ. ಆತ ಮತ್ತೆ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತ ಹೋಗುತ್ತದೆ. ವೈದ್ಯನಲ್ಲದ ನಾನು ಈ ವಿಷಯವನ್ನು ಎತ್ತಿಕೊಳ್ಳಲು ಆ ಅನುಭವವೇ ಪ್ರೇರಣೆ. ಮದ್ಯ, ಹೊಗೆಸೊಪ್ಪು ಅಥವಾ ಮಾದಕ ವಸ್ತುವಿನ ವ್ಯಸನಕ್ಕೆ ಸಿಲುಕಿದ ಗರ್ಭಿಣಿಗೆ ಆಸ್ಪತ್ರೆಯಲ್ಲಿ “ತಾಯಿಯಾಗುವವಳಿಗೆ ನಾಚಿಕೆ ಬೇಡವೆ?” ಎಂಬ ಮಾತು ಎದುರಾದರೆ, ಆಕೆ ನಿಜವನ್ನು ಮುಚ್ಚಿಡುತ್ತಾಳೆ, ಇಲ್ಲವೆ ಬರುವುದನ್ನೇ ನಿಲ್ಲಿಸುತ್ತಾಳೆ. ಅದರ ಬಡ್ಡಿಯನ್ನು ತೆರುವುದು ಹುಟ್ಟಲಿರುವ ಮಗು.

ವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆ. “ಮಗುವಿಗಾಗಿ ಇಂದೇ ಬಿಟ್ಟುಬಿಡು” ಎನ್ನುವುದು ಸುಲಭ. ಆದರೆ ಮದ್ಯಕ್ಕೆ ದೇಹ ಒಗ್ಗಿಹೋದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವುಂಟು. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಅದು ನಡೆಯಬೇಕು. ಅಫೀಮು, ಹೆರಾಯಿನ್ ವರ್ಗದ ವ್ಯಸನವಿದ್ದಲ್ಲಿ ಒಮ್ಮೆಲೇ ಬಿಡಿಸುವುದಕ್ಕಿಂತ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧ ನೀಡುವುದೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ ಹೇಳುತ್ತದೆ. ಪ್ರತಿಯೊಬ್ಬ ಗರ್ಭಿಣಿಯನ್ನೂ ಪ್ರತಿ ಭೇಟಿಯಲ್ಲೂ ಈ ಬಗ್ಗೆ ಕೇಳಬೇಕೆಂಬುದೂ ಅದರ ಸಲಹೆ. ಎಲ್ಲರನ್ನೂ ಕೇಳಿದಾಗ ಯಾರೊಬ್ಬರತ್ತ ಬೆರಳು ತೋರಿಸಿದಂತಾಗದು.

ಭೀತಿಯ ಮಾರ್ಗವನ್ನು ಅನುಸರಿಸಿ ನೋಡಿದವರೂ ಉಂಟು. ಅಮೆರಿಕದ ಚಾರ್ಲ್‌ಸ್ಟನ್ ನಗರದ ಸರಕಾರಿ ಆಸ್ಪತ್ರೆಯೊಂದು 1989ರಿಂದ ಕೆಲವು ಗರ್ಭಿಣಿಯರ ಮೂತ್ರವನ್ನು ಅವರ ಸಮ್ಮತಿಯಿಲ್ಲದೆ ಕೊಕೇನಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸಿತು. ಹಲವರು ಬಂಧನಕ್ಕೊಳಗಾದರು. ಇಂಥ ಕ್ರಮದಿಂದ ಗರ್ಭಿಣಿಯರು ಆಸ್ಪತ್ರೆಯಿಂದಲೇ ದೂರ ಉಳಿಯುವರೆಂದು ವೈದ್ಯಕೀಯ ಸಂಸ್ಥೆಗಳು ವಾದಿಸಿದವು. ಪೊಲೀಸರಿಗೆ ಸಾಕ್ಷ್ಯ ಒದಗಿಸಲು ಸಮ್ಮತಿಯಿಲ್ಲದೆ ನಡೆಸುವ ಪರೀಕ್ಷೆ ಸಂವಿಧಾನಬಾಹಿರವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ತೀರ್ಪಿತ್ತಿತು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ತಾರತಮ್ಯವಿಲ್ಲದ ಚಿಕಿತ್ಸೆಯನ್ನೂ ಗೋಪ್ಯತೆಯನ್ನೂ ಅದು ರೋಗಿಯ ಹಕ್ಕಾಗಿಸಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯ ವೇಳೆ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದೂ ವಿಧಿಸಿದೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲೊಂದು ವಿಶೇಷ ಹೊಣೆಯಿದೆ. ಕೂಲಿಗಾಗಿ ಮಹಾನಗರಕ್ಕೆ ಬಂದ ನಮ್ಮ ನಾಡಿನ ಹೆಣ್ಣುಮಗಳಿಗೆ ಇಲ್ಲಿಯ ಭಾಷೆ ಬಾರದಿದ್ದಾಗ ದುಭಾಷಿಯಾಗಿ ಹೋಗುವವರು ನಾವೇ. ಆಗ ವೈದ್ಯರ ಪ್ರಶ್ನೆಯನ್ನು ಇದ್ದಂತೆಯೇ ಕನ್ನಡಕ್ಕೆ ತರೋಣ. ನಮ್ಮ ಕಡೆಯ ಬುದ್ಧಿವಾದವನ್ನು ಸೇರಿಸುವುದು ಬೇಡ. ಆಕೆಯ ಉತ್ತರವನ್ನೂ ಇದ್ದಂತೆಯೇ ತಿಳಿಸೋಣ. ಅಲ್ಲಿ ಕೇಳಿದ್ದು ಆಕೆಯ ಮನೆಯವರಿಗಾಗಲಿ ಸಂಘದ ಪಡಸಾಲೆಗಾಗಲಿ ತಲುಪದಿರಲಿ. ಖಾತೆದಾರನ ಲೆಕ್ಕವನ್ನು ಬೀದಿಯಲ್ಲಿ ಆಡದಿರುವುದು ನನ್ನ ವೃತ್ತಿಯ ಮೊದಲ ಪಾಠ. ಮುಂದಿನ ತಿಂಗಳೂ ಆಕೆ ತಪಾಸಣೆಗೆ ಬಂದರೆ ನಮ್ಮ ನಾಲಿಗೆ ತನ್ನ ಕರ್ತವ್ಯವನ್ನು ನೆರವೇರಿಸಿದಂತೆ.