ಬಾಲದಲ್ಲಿದೆ ಗುಟ್ಟು

ಟೆಕ್ಸಾಸ್‌ನಲ್ಲಿರುವ ಮೊಮ್ಮಗಳು ಈ ವರ್ಷ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ. ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ಅವಳ ಮುಖ ಸಪ್ಪಗಿತ್ತು.

"ಅಜ್ಜಾ, ನಾನು ಹತ್ತು ವಾಕ್ಯ ಬರೆಯಿತು. ಟೀಚರ್ ಎಲ್ಲದರಲ್ಲೂ 'ಯೊ' ಹೊಡೆದುಹಾಕಿತು!"

'ನಾನು ಬರೆಯಿತು' ಎಂಬುದು ಅವಳ ಕನ್ನಡ. ಇಷ್ಟು ದಿನ ಮುದ್ದಿಗೆ ನಾವ್ಯಾರೂ ತಿದ್ದಿರಲಿಲ್ಲ.

ಸ್ಪ್ಯಾನಿಷ್‌ನಲ್ಲಿ 'ಯೊ' ಎಂದರೆ ನಾನು. 'ಆಬ್ಲೊ' ಎಂದರೆ ಮಾತಾಡುತ್ತೇನೆ. ಇವಳು ಎಲ್ಲ ಕಡೆ 'ಯೊ ಆಬ್ಲೊ' ಎಂದೇ ಬರೆದಿದ್ದಳು. ಇಂಗ್ಲಿಷಿನಲ್ಲಿ ನಾನಾದರೂ ನಾವಾದರೂ ಕ್ರಿಯಾಪದ 'ಸ್ಪೀಕ್' ಒಂದೇ. ಹಾಗಾಗಿ ಯಾರೆಂದು ಬೇರೆ ಹೇಳಲೇಬೇಕು.

"ನಿಮ್ಮಮ್ಮ ಫೋನಿನಲ್ಲಿ 'ನಾಳೆ ಮಾಡ್ತೀನಿ' ಅಂದರೆ, ಮಾಡೋದು ಯಾರು?"

"ಅಮ್ಮ."

"'ನಾನು' ಅಂದಳಾ?"

ಹುಡುಗಿ ಕಣ್ಣರಳಿಸಿದಳು. ಇಬ್ಬರೂ ಸೇರಿ ಬಾಲ ಜೋಡಿಸಿದೆವು: ಆಬ್ಲೊ, ಮಾತಾಡುತ್ತೇನೆ, ಆಬ್ಲಾಸ್, ಮಾತಾಡುತ್ತೀಯ, ಆಬ್ಲಾಮೊಸ್, ಮಾತಾಡುತ್ತೇವೆ, ಆಬ್ಲಾನ್, ಮಾತಾಡುತ್ತಾರೆ. ಯಾರೆಂಬುದು ಬಾಲದಲ್ಲೇ ಇದೆ. 'ನಾನೇ' ಎಂದು ಒತ್ತಿ ಹೇಳುವಾಗ ಮಾತ್ರ 'ಯೊ' ಬೇಕು.

ಒಂದು ಕಡೆ ಮಾತ್ರ ಕನ್ನಡದ್ದೇ ಮೇಲುಗೈ. ಅವನು, ಅವಳು, ಗಿಳಿ, ಯಾರೇ ಮಾತಾಡಲಿ, ಅವರಿಗೆ 'ಆಬ್ಲಾ' ಒಂದೇ. ನಮಗೆ ಮಾತಾಡುತ್ತಾನೆ, ಮಾತಾಡುತ್ತಾಳೆ, ಮಾತಾಡುತ್ತದೆ.

"ಟೀಚರ್‌ಗೆ ಯಾವುದು ಹೇಳ್ತೀಯ?"

"ಹೊಡೆದುಹಾಕಿ... ದರು," ಎಂದಳು, ಯೋಚಿಸಿ.

ಸ್ಪ್ಯಾನಿಷ್‌ನ ಮೊದಲ ಅಚ್ಚಾದ ವ್ಯಾಕರಣವನ್ನು ಆಂತೋನಿಯೊ ದೆ ನೆಬ್ರಿಹಾ 1492ರಲ್ಲಿ ಹೊರತಂದ. ಅದಕ್ಕೂ ಇನ್ನೂರು ವರ್ಷಕ್ಕಿಂತ ಮುಂಚೆಯೇ ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡ ಕ್ರಿಯಾಪದಗಳ ಲೆಕ್ಕ ಹಾಕಿದ್ದ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತೇನೋ, ಹಿಂದಿನಿಂದ ಅಜ್ಜಿ ನಕ್ಕಳು.

ಇನ್ನು ಕ್ರಿಯಾವಿಶೇಷಣ. ಕೆಲಸ ಹೇಗೆ ನಡೆಯಿತೆಂದು ಹೇಳಲು ನಾವು 'ನಿಧಾನ'ಕ್ಕೆ 'ಆಗಿ' ಸೇರಿಸಿ 'ನಿಧಾನವಾಗಿ' ಎನ್ನುತ್ತೇವೆ. ಅವರು 'ಮೆಂತೆ' ಸೇರಿಸುತ್ತಾರೆ (ಅಡುಗೆಮನೆಯ ಮೆಂತ್ಯ ಅಲ್ಲ!). 'ಲೆಂತೊ' ಎಂದರೆ ನಿಧಾನದ. 'ಲೆಂತಮೆಂತೆ' ಎಂದರೆ ನಿಧಾನವಾಗಿ. 'ಲೆಂತೊ' ಇಲ್ಲಿ 'ಲೆಂತ' ಆದದ್ದೇಕೆ? 'ಮೆಂತೆ' ಎಂದರೆ ಮನಸ್ಸು, ಅದು ಅಲ್ಲಿ ಸ್ತ್ರೀಲಿಂಗ. ಹಿಂದೆ ಲ್ಯಾಟಿನ್ನಿನಲ್ಲಿ 'ನಿಧಾನದ ಮನಸ್ಸಿನಿಂದ' ಎನ್ನುತ್ತಿದ್ದ ರೀತಿಯೇ ಹೀಗೆ ಒಂದೇ ಪದವಾಗಿ ಗಟ್ಟಿಯಾಯಿತು. ಆ ಲ್ಯಾಟಿನ್ ಪದಕ್ಕೂ ಸಂಸ್ಕೃತದ 'ಮತಿ'ಗೂ ಮೂಲ ಒಂದೇ.

ಕ್ರಿಯಾವಿಶೇಷಣಕ್ಕೆ ಬಾಲ ಬದಲಿಸುವ ಗೋಜಿಲ್ಲ. ಮಾತಾಡುವವರು ಒಬ್ಬರಿರಲಿ, ನೂರು ಜನರಿರಲಿ, 'ಲೆಂತಮೆಂತೆ' ಹಾಗೆಯೇ ಇರುತ್ತದೆ, ನಮ್ಮ 'ನಿಧಾನವಾಗಿ'ಯ ಹಾಗೆ.

ಕರೆ ಮುಗಿಸುವಾಗ ಅವಳು ಯಾವಾಗಲೂ 'ನಾನು ಹೋಗುತ್ತೆ' ಎನ್ನುತ್ತಿದ್ದಳು. ಈ ಸಲ ಕ್ಷಣ ತಡೆದು, ನಿಧಾನವಾಗಿ, "ಬರ್ತೀನಿ ಅಜ್ಜಾ," ಎಂದಳು.

ಮರುಕ್ಷಣವೇ ಮತ್ತೆ ಪರದೆಗೆ ಮುಖ ತಂದು, "'ನಾನು' ಹೇಳಲಿಲ್ಲ, ನೋಡಿದ್ಯಾ?"